ಆರೈಕೆಯನ್ನು ಪಾಠವಾಗಿಸಿದ ಫ್ಲಾರೆನ್ಸ್ ನೈಟಿಂಗೇಲ್

ಪ್ರತಿ ವರ್ಷ ಮೇ 12ರಂದು ದಾದಿಯರ ದಿನಾಚರಣೆ ಬಂದಾಗ ಎಲ್ಲ ಕಡೆ ಒಂದೇ ಚಿತ್ರ ಕಾಣಿಸುತ್ತದೆ. ಬಿಳಿ ಟೋಪಿ ತೊಟ್ಟ ಮಹಿಳೆ, ಕೈಯಲ್ಲಿ ಎಣ್ಣೆಯ ದೀಪ, ಅಕ್ಕಪಕ್ಕದಲ್ಲಿ ಗಾಯಾಳು ಸೈನಿಕರು. ಪ್ರಾಥಮಿಕ ಶಾಲೆಯಲ್ಲಿ ನಾವೆಲ್ಲ ಓದಿದ ದೀಪಧಾರಿಣಿಯ ಪಾಠವೂ ಅಲ್ಲಿಗೇ ಮುಗಿಯುತ್ತಿತ್ತು. ಅಸಲಿಗೆ ಆ ದೀಪವೂ ಚಿತ್ರದಲ್ಲಿರುವಂಥದ್ದಲ್ಲ. ಅದು ತುರ್ಕಿಯ ಮಡಚುವ ಫಾನೂಸ್. ನಮ್ಮಲ್ಲಿ ಉರ್ದು ಮಾತಾಡುವ ಮನೆಗಳಿಂದ ಬರುವವರಿಗೆ ಈ ಹೆಸರು ಹೊಸದಲ್ಲ. ಆ ಫಾನೂಸ್ ಹಿಡಿದು ಅವರು ಆಸ್ಪತ್ರೆಯಲ್ಲಿ ಓಡಾಡಿದ ಕಾಲ ಎರಡು ವರ್ಷಕ್ಕಿಂತ ಕಡಿಮೆ. ಅವರು ಬದುಕಿದ್ದು ತೊಂಬತ್ತು ವರ್ಷ. ಮುದುಕರನ್ನು, ಹಾಸಿಗೆ ಹಿಡಿದವರನ್ನು, ಯಾರೂ ದಿಕ್ಕಿಲ್ಲದವರನ್ನು ನೋಡಿಕೊಳ್ಳುವುದು ಕೂಡ ಕಲಿತು ಮಾಡಬೇಕಾದ ಕೆಲಸ ಎಂದು ಜಗತ್ತಿಗೆ ಒಪ್ಪಿಸಲು ಅವರು ಪಟ್ಟ ಶ್ರಮವೆಲ್ಲ ಉಳಿದ ವರ್ಷಗಳಲ್ಲಿದೆ.

ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ತಂದೆತಾಯಿ ಇಂಗ್ಲೆಂಡಿನ ಸಿರಿವಂತರು. ಅಲ್ಲಿ ಅವರಿಗೆ ಎರಡು ದೊಡ್ಡ ಮನೆಗಳಿದ್ದವು. ತಂದೆ ವಿಲಿಯಂ ತಮ್ಮ ಇಬ್ಬರು ಹೆಣ್ಣುಮಕ್ಕಳಿಗೂ ಗ್ರೀಕ್, ಲ್ಯಾಟಿನ್, ಇತಿಹಾಸ, ತತ್ತ್ವಶಾಸ್ತ್ರಗಳನ್ನು ತಾವೇ ಕಲಿಸಿದರು. ಹೆಣ್ಣುಮಕ್ಕಳಿಗೆ ಹೊಲಿಗೆ, ಪಿಯಾನೊ ಸಾಕು ಎನ್ನುತ್ತಿದ್ದ ಕಾಲದಲ್ಲಿ ಇದು ದೊಡ್ಡ ಮಾತು. ಫ್ಲಾರೆನ್ಸ್‌ಗೆ ಗಣಿತದ ಹುಚ್ಚು. ಹದಿನಾರನೆಯ ವಯಸ್ಸಿನಲ್ಲಿ, 1837ರಲ್ಲಿ, ದೇವರು ತನ್ನನ್ನು ಸೇವೆಗೆ ಕರೆದಿದ್ದಾನೆ ಎಂದು ಅವರಿಗೆ ಗಟ್ಟಿಯಾಗಿ ಅನಿಸಿತು. ಯಾವ ಸೇವೆ ಎಂಬುದು ತಿಳಿಯಲು ಮತ್ತೆ ಕೆಲವು ವರ್ಷ ಬೇಕಾದವು.

1845ರಲ್ಲಿ ಅವರ ಅಜ್ಜಿ ಕಾಯಿಲೆ ಬಿದ್ದರು. ಅದೇ ವರ್ಷ ಮನೆಯ ಮಕ್ಕಳನ್ನೆಲ್ಲ ಸಾಕಿದ್ದ ಮುದಿ ಆಯಾ ಕೂಡ ಹಾಸಿಗೆ ಹಿಡಿದರು. ಇಬ್ಬರ ಆರೈಕೆಗೂ ಫ್ಲಾರೆನ್ಸ್ ನಿಂತರು. ಸುತ್ತಲಿನ ಹಳ್ಳಿಯ ಬಡವರ ಗುಡಿಸಲುಗಳಿಗೂ ಹೋಗಿ ರೋಗಿಗಳನ್ನು ನೋಡಿಕೊಂಡರು. ಅಲ್ಲಿಯವರೆಗೆ ಅವರೂ ಎಲ್ಲರಂತೆ, ಕಾಯಿಲೆಯವರ ಸೇವೆಗೆ ಕರುಣೆ ಮತ್ತು ತಾಳ್ಮೆ ಇದ್ದರೆ ಸಾಕು ಎಂದುಕೊಂಡಿದ್ದರು. ಹಾಸಿಗೆಯ ಪಕ್ಕ ಕುಳಿತಾಗ ಗೊತ್ತಾಯಿತು: ಪ್ರೀತಿ ಬೇಕಾದಷ್ಟಿದೆ, ಆದರೆ ಏನು ಮಾಡಬೇಕೆಂದು ತಿಳಿಯುತ್ತಿಲ್ಲ. ತಿಳಿಯದವರು ಪಕ್ಕದಲ್ಲಿ ಕುಳಿತಿದ್ದ ಕಾರಣಕ್ಕೇ ಜೀವ ಹೋಗುವುದನ್ನೂ ಅವರು ಕಂಡರು. ಮನೆಯಲ್ಲಿ ಅಜ್ಜ ಅಜ್ಜಿಯನ್ನು ನೋಡಿಕೊಂಡ ಅನುಭವ ನಮ್ಮಲ್ಲಿ ಹಲವರಿಗಿದೆ. ಈ ಸಂಕಟವನ್ನು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹತ್ತಿರದ ಸಾಲಿಸ್‌ಬರಿ ಪಟ್ಟಣದ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಕೆಲಸ ಕಲಿಯುತ್ತೇನೆ ಎಂದು ಅವರು ಮನೆಯಲ್ಲಿ ಕೇಳಿದರು. ತಾಯಿಗೆ ಸಿಡಿಲು ಬಡಿದಂತಾಯಿತು. ಆಗಿನ ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ದಾದಿ ಎಂದರೆ ಬೇರೆ ಯಾವ ಕೆಲಸವೂ ಸಿಗದ ಹೆಂಗಸು, ಬಹಳ ಸಲ ಕುಡುಕಿ ಎಂಬ ಹೆಸರಿತ್ತು. ಅನುಮತಿ ಸಿಗಲಿಲ್ಲ. ಅವರು ಆರು ವರ್ಷ ಕಾದರು. ಮದುವೆಯ ಪ್ರಸ್ತಾಪಗಳನ್ನು ನಿರಾಕರಿಸಿದರು. ಬೆಳಗಿನ ಜಾವ ಎದ್ದು, ಆಸ್ಪತ್ರೆಗಳ ಸರ್ಕಾರಿ ವರದಿಗಳನ್ನು ಗುಟ್ಟಾಗಿ ಓದಿ ಟಿಪ್ಪಣಿ ಮಾಡಿಕೊಂಡರು. 1851ರಲ್ಲಿ ಕೊನೆಗೂ ಜರ್ಮನಿಯ ಕೈಸರ್ಸ್‌ವೆರ್ತ್‌ನಲ್ಲಿ, ಪಾದ್ರಿ ಫ್ಲೀಡ್ನರ್ ನಡೆಸುತ್ತಿದ್ದ ಸಂಸ್ಥೆಯಲ್ಲಿ ಮೂರು ತಿಂಗಳು ಇದ್ದು ಬಂದರು. 1853ರಲ್ಲಿ ಲಂಡನ್ನಿನಲ್ಲಿ ಕಾಯಿಲೆಬಿದ್ದ ಮಹಿಳೆಯರ ಚಿಕ್ಕ ಆಸ್ಪತ್ರೆಯೊಂದರ ಮೇಲ್ವಿಚಾರಕಿಯಾದರು. ಆಗ ಅವರಿಗೆ 33 ವರ್ಷ.

ಮುಂದಿನ ವರ್ಷವೇ ಕ್ರಿಮಿಯಾ ಯುದ್ಧ. ಬ್ರಿಟನ್, ಫ್ರಾನ್ಸ್ ಮತ್ತು ಉಸ್ಮಾನಿಯಾ ಸಾಮ್ರಾಜ್ಯ ಒಂದು ಕಡೆ, ರಷ್ಯಾ ಇನ್ನೊಂದು ಕಡೆ. ಬ್ರಿಟಿಷ್ ಸೈನಿಕರಿಗೆ ಆರೈಕೆಯೇ ಇಲ್ಲ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂದು ಗದ್ದಲವಾಯಿತು. ಸಚಿವ ಸಿಡ್ನಿ ಹರ್ಬರ್ಟ್ ಅವರ ಕೋರಿಕೆಯಂತೆ 38 ಮಹಿಳೆಯರನ್ನು ಕರೆದುಕೊಂಡು ನೈಟಿಂಗೇಲ್ 1854ರ ನವೆಂಬರ್ 4ರಂದು ಇಸ್ತಾಂಬುಲಿನ ಎದುರು ದಡದ ಸ್ಕುಟಾರಿ, ಅಂದರೆ ಇಂದಿನ ಉಸ್ಕುದಾರ್ ತಲುಪಿದರು. ಸುಲ್ತಾನರ ಸರ್ಕಾರ ಬಿಟ್ಟುಕೊಟ್ಟಿದ್ದ ಸೆಲಿಮಿಯೆ ಬ್ಯಾರಕ್‌ನ ಭಾರಿ ಕಟ್ಟಡವೇ ಆಸ್ಪತ್ರೆಯಾಗಿತ್ತು. ಆ ಕಟ್ಟಡ ಈಗಲೂ ಇದೆ. ಅದರ ಒಂದು ಗೋಪುರದಲ್ಲಿ ಅವರ ನೆನಪಿನ ವಸ್ತುಸಂಗ್ರಹವಿದೆ. ಯುದ್ಧ ಮುಗಿದಾಗ ಸುಲ್ತಾನ್ ಅಬ್ದುಲ್ ಮಜೀದ್ ಅವರಿಗೆ ವಜ್ರದ ಕಂಕಣವೊಂದನ್ನು ಕಾಣಿಕೆಯಾಗಿ ಕೊಟ್ಟರು.

ಅಲ್ಲಿ ಅವರು ಮಾಡಿದ ಕೆಲಸ ಬಹುಪಾಲು ಅಡುಗೆಮನೆ, ಬಟ್ಟೆ ಒಗೆಯುವ ಮನೆ, ಉಗ್ರಾಣಗಳದ್ದು. ಬ್ರಷ್ ತರಿಸಿ ನೆಲ ಉಜ್ಜಿಸಿದರು, ಅಂಗಿಗಳನ್ನು ತರಿಸಿದರು, ಬಟ್ಟೆ ಕುದಿಸಿ ಒಗೆಯಲು ಮನೆಯೊಂದನ್ನು ಬಾಡಿಗೆಗೆ ಹಿಡಿದರು. ಆದರೂ ಮೊದಲ ಚಳಿಗಾಲದಲ್ಲಿ ಸಾವು ನಿಲ್ಲಲಿಲ್ಲ. 1855ರ ಫೆಬ್ರುವರಿಯಲ್ಲಿ ದಾಖಲಾದವರಲ್ಲಿ ಶೇ. 42ರಷ್ಟು ಮಂದಿ ಸತ್ತರು. ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗ ಕಟ್ಟಡದ ಕೆಳಗಿನ ಚರಂಡಿಗಳನ್ನು ಶುಚಿಗೊಳಿಸಿ, ಗಾಳಿ ಬೆಳಕಿಗೆ ದಾರಿ ಮಾಡಿದ ಮೇಲೆ, ಜೂನ್ ಹೊತ್ತಿಗೆ ಅದು ಸುಮಾರು ಶೇ. 2ಕ್ಕೆ ಇಳಿಯಿತು. ಊರಿಗೆ ಮರಳಿದ ನಂತರ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಜೊತೆ ಕುಳಿತು ಲೆಕ್ಕ ಹಾಕಿದಾಗ ಇದರ ಅರ್ಥ ಅವರಿಗೆ ಪೂರ್ತಿ ಹೊಳೆಯಿತು. ಗುಂಡೇಟಿಗಿಂತ ಎಷ್ಟೋ ಪಟ್ಟು ಹೆಚ್ಚು ಜನ ತಡೆಯಬಹುದಾಗಿದ್ದ ರೋಗಗಳಿಂದ ಸತ್ತಿದ್ದರು. ಇದನ್ನು ಮಂತ್ರಿಗಳಿಗೆ ಮನದಟ್ಟು ಮಾಡಲು ಅವರು ಬರೆದ ದಳದಳದ ಬಣ್ಣದ ನಕ್ಷೆಯನ್ನು ನಮ್ಮ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಒಮ್ಮೆ ಹುಡುಕಿ ನೋಡಬೇಕು. ರಾತ್ರಿಯಿಡೀ ದೀಪ ಹಿಡಿದು ಸುತ್ತಿದ ಶ್ರದ್ಧೆಯನ್ನು ಕೊಳೆತ ಚರಂಡಿ ಸೋಲಿಸಿತ್ತು ಎಂಬುದನ್ನು ಅವರು ಯಾರಿಂದಲೂ ಮುಚ್ಚಿಡಲಿಲ್ಲ. ಅವರ ಜೀವನದಲ್ಲಿ ನನಗೆ ದೀಪಕ್ಕಿಂತ ದೊಡ್ಡದಾಗಿ ಕಾಣುವುದು ಇದು.

ಯುದ್ಧದಿಂದ ಬರುವಾಗ ಅವರು ಜ್ವರವನ್ನೂ ತಂದಿದ್ದರು. 1857ರ ನಂತರ ಬಹುಕಾಲ ಹಾಸಿಗೆ, ಸೋಫಾಗಳ ಮೇಲೆಯೇ ಕಳೆಯಬೇಕಾಯಿತು. ಆರೈಕೆ ಮಾಡುವವರಿಗೆ ಪಾಠ ಬರೆದದ್ದು ಹೀಗೆ ಸ್ವತಃ ಆರೈಕೆ ಬೇಕಾಗಿದ್ದ ಒಬ್ಬರು. ಶುಶ್ರೂಷೆಯ ಕುರಿತ ಅವರ ಪ್ರಸಿದ್ಧ ಪುಸ್ತಕ 1860ರ ಆರಂಭದಲ್ಲಿ ಹೊರಬಂತು. ಅದು ಆಸ್ಪತ್ರೆಯ ದಾದಿಯರಿಗೆ ಬರೆದದ್ದಲ್ಲ; ಮನೆಯಲ್ಲಿ ಯಾರನ್ನಾದರೂ ನೋಡಿಕೊಳ್ಳುವ ಸಾಮಾನ್ಯ ಹೆಂಗಸರಿಗೆ ಬರೆದದ್ದು. ಮರುವರ್ಷ ದುಡಿಯುವ ವರ್ಗದವರಿಗೆಂದೇ ಅದರ ಸರಳ ರೂಪವೂ ಬಂತು.

ಅದರಲ್ಲಿ ಔಷಧಿಯ ಮಾತು ಕಡಿಮೆ. ಕಿಟಕಿ ತೆರೆದಿಡಬೇಕು, ಆದರೆ ರೋಗಿಗೆ ಚಳಿಯಾಗಬಾರದು. ಕಾಲಿನ ಬಳಿ ಬಿಸಿನೀರಿನ ಬಾಟಲಿ ಇಡಬೇಕು. ಮಲಗಿದವರ ಕಿವಿಗೆ ಅರ್ಧಂಬರ್ಧ ಬೀಳುವಂತೆ ಬಾಗಿಲ ಬಳಿ ಪಿಸುಗುಟ್ಟಬಾರದು. ಅದು ಅವರಿಗೆ ಹಿಂಸೆ. ಮಾತಾಡುವಾಗ ಕತ್ತು ತಿರುಗಿಸದೆ ಕಾಣುವಂತೆ ಎದುರಿಗೆ ಕೂರಬೇಕು, ಮಂಚಕ್ಕೆ ಒರಗಿ ಅಲುಗಿಸಬಾರದು. ತಿನ್ನದೆ ಬಿಟ್ಟ ಊಟವನ್ನು ಆಮೇಲೆ ತಿನ್ನಲಿ ಎಂದು ಹಾಸಿಗೆಯ ಪಕ್ಕದಲ್ಲೇ ಬಿಡಬಾರದು. ಚೆನ್ನಾಗಿ ನಿದ್ದೆ ಬಂತೇ ಎಂದು ಕೇಳಿದರೆ ಏನೂ ತಿಳಿಯುವುದಿಲ್ಲ. ಎಷ್ಟು ಗಂಟೆ ಮಲಗಿದರು, ಯಾವಾಗ ಎಚ್ಚರವಾಯಿತು ಎಂದು ಕೇಳಬೇಕು. ನೋಡಲು ಬಂದವರು ಏನೂ ಆಗಿಲ್ಲ ಬಿಡಿ ಎಂದು ಪೊಳ್ಳು ಧೈರ್ಯ ಹೇಳುವುದು, ಬಂದವರೆಲ್ಲ ಒಂದೊಂದು ಮದ್ದು ಸೂಚಿಸುವುದು ರೋಗಿಯನ್ನು ಎಷ್ಟು ದಣಿಸುತ್ತದೆ ಎಂಬುದಕ್ಕೆ ಒಂದು ಅಧ್ಯಾಯವೇ ಇದೆ. ನಮ್ಮ ಊರುಗಳ ನೆಂಟರನ್ನು ನೋಡಿಯೇ ಬರೆದರೇನೋ ಎನಿಸುತ್ತದೆ! ಎಲ್ಲಕ್ಕಿಂತ ಮುಖ್ಯವಾದದ್ದು, ನಾವಿಲ್ಲದ ಹೊತ್ತಿನಲ್ಲೂ ನಾವು ಮಾಡುವ ಕೆಲಸ ತಪ್ಪದೆ ನಡೆಯುವಂತೆ ವ್ಯವಸ್ಥೆ ಮಾಡುವುದು. ಹಾಸಿಗೆ ಹುಣ್ಣಾದರೆ ಅದು ಸಾಮಾನ್ಯವಾಗಿ ರೋಗದ ತಪ್ಪಲ್ಲ, ಆರೈಕೆಯ ತಪ್ಪು ಎಂದು ಅವರು ಮುಲಾಜಿಲ್ಲದೆ ಬರೆದರು.

1860ರಲ್ಲೇ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತರಬೇತಿ ಶಾಲೆ ಆರಂಭವಾಯಿತು. ಕ್ರಿಮಿಯಾದ ಸೇವೆಗೆ ಕೃತಜ್ಞತೆಯಾಗಿ ಜನ ಕೂಡಿಸಿಕೊಟ್ಟ ಸುಮಾರು 45,000 ಪೌಂಡ್ ನಿಧಿಯನ್ನು ಅವರು ಇದಕ್ಕೆ ಬಳಸಿದರು. ಮೊದಲ ತಂಡದಲ್ಲಿ 15 ಮಂದಿ. ಕಲಿಕೆ ಒಂದು ವರ್ಷ. ಅವರು ಯಾವುದರಲ್ಲಿ ಪಳಗಬೇಕು ಎಂಬ ಪಟ್ಟಿ ಅಚ್ಚಾಗಿತ್ತು. ಗಾಯಕ್ಕೆ ಪಟ್ಟಿ ಕಟ್ಟುವುದು, ಎನಿಮಾ ಕೊಡುವುದು ಇವುಗಳ ಜೊತೆಗೆ ಏಳಲಾಗದ ರೋಗಿಗಳ ವಿಷಯಕ್ಕೇ ಒಂದು ಕಲಮು ಇತ್ತು. ಅವರನ್ನು ಎತ್ತುವುದು, ಬಟ್ಟೆ ಬದಲಿಸುವುದು, ಮೈ ಶುಚಿ ಮಾಡುವುದು, ಉಣಿಸುವುದು, ಬೆಚ್ಚಗೋ ತಣ್ಣಗೋ ಇಡುವುದು, ಹಾಸಿಗೆ ಹುಣ್ಣಾಗದಂತೆ ತಡೆಯುವುದು, ಸರಿಯಾದ ಭಂಗಿಯಲ್ಲಿ ಮಲಗಿಸುವುದು. ರೋಗಿ ಮಲಗಿದ್ದಂತೆಯೇ ಕೆಳಗಿನ ಬೆಡ್‌ಶೀಟ್ ಬದಲಿಸುವುದಕ್ಕೂ ಪಾಠವಿತ್ತು. ಮಗ್ಗುಲು ಬದಲಿಸುವುದರಲ್ಲಿ ಕಲಿಯುವುದೇನಿದೆ ಎನ್ನುವವರು, ಪಾರ್ಶ್ವವಾಯು ಬಡಿದ ದೊಡ್ಡವರೊಬ್ಬರನ್ನು ನೋಯಿಸದೆ ಒಮ್ಮೆ ಹೊರಳಿಸಿ ನೋಡಲಿ. ಪ್ರತಿಯೊಬ್ಬಳ ಕೆಲಸ, ನಡತೆಗಳ ವಿವರ ಪುಸ್ತಕದಲ್ಲಿ ದಾಖಲಾಗುತ್ತಿತ್ತು.

ಈ ಪಾಠ ಯಾರಿಗೆ ತುರ್ತಾಗಿ ಬೇಕಾಗಿತ್ತು ಎಂಬುದು ನಾಲ್ಕೇ ವರ್ಷದಲ್ಲಿ ಬಯಲಾಯಿತು. ಇಂಗ್ಲೆಂಡಿನಲ್ಲಿ ಗತಿಯಿಲ್ಲದ ಬಡವರನ್ನು ವರ್ಕ್‌ಹೌಸ್ ಎಂಬ ದುಡಿಮೆಯ ಆಶ್ರಯಗಳಿಗೆ ಹಾಕುತ್ತಿದ್ದರು. ಹೆಸರಿಗೆ ಅವು ದುಡಿಯಬಲ್ಲವರ ಜಾಗ; ತುಂಬಿದ್ದವರು ಬಹುಪಾಲು ಮುದುಕರು, ರೋಗಿಗಳು, ಬುದ್ಧಿ ಸ್ವಾಧೀನವಿಲ್ಲದವರು. ಇವರನ್ನು ನೋಡಿಕೊಳ್ಳುತ್ತಿದ್ದವರೂ ಅಲ್ಲಿನ ನಿರ್ಗತಿಕರೇ. ಓದು ಬಾರದು, ಔಷಧಿಯ ಚೀಟಿ ತಿಳಿಯದು. ಕೂಲಿಗೆ ಬದಲಾಗಿ ಮದ್ಯ ಸಿಗುತ್ತಿದ್ದದ್ದೂ ಉಂಟು. 1864ರ ಡಿಸೆಂಬರ್‌ನಲ್ಲಿ ಟಿಮತಿ ಡೇಲಿ ಎಂಬ ಐರಿಷ್ ಕೂಲಿಕಾರ ಲಂಡನ್ನಿನ ಹೋಬರ್ನ್ ವರ್ಕ್‌ಹೌಸಿನಲ್ಲಿ ಮಲಗಿ ಹಾಸಿಗೆ ಹುಣ್ಣಾಗಿ, ಆರೈಕೆಯಿಲ್ಲದೆ ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬಂತು. ನೈಟಿಂಗೇಲ್ ಹಾಸಿಗೆಯಿಂದಲೇ ಸಂಬಂಧಪಟ್ಟ ಮಂತ್ರಿಗೆ ಪತ್ರ ಬರೆದರು. ರೋಗಿಗಳನ್ನು, ಮಾನಸಿಕ ಅಸ್ವಸ್ಥರನ್ನು, ಗುಣವಾಗದ ಕಾಯಿಲೆಯವರನ್ನು ಈ ಆಶ್ರಯಗಳಿಂದ ಬೇರ್ಪಡಿಸಿ ಸರಿಯಾದ ಆಸ್ಪತ್ರೆಗಳಲ್ಲಿ ಇಡಬೇಕು, ತರಬೇತಿ ಪಡೆದ ದಾದಿಯರನ್ನು ನೇಮಿಸಬೇಕು, ಖರ್ಚನ್ನು ಇಡೀ ನಗರ ಹೊರಬೇಕು ಎಂದು ವಾದಿಸಿದರು. ಕಾಯಿಲೆ ಬಿದ್ದ ಮೇಲೆ ಬಡವನೂ ಬಡವನಲ್ಲ, ರೋಗಿ ಎಂಬುದು ಅವರ ನಿಲುವಾಗಿತ್ತು.

ಲಿವರ್‌ಪೂಲ್‌ನ ವ್ಯಾಪಾರಿ ವಿಲಿಯಂ ರ‍್ಯಾತ್‌ಬೋನ್ ತಮ್ಮ ಹೆಂಡತಿಯ ಕೊನೆಯ ದಿನಗಳಲ್ಲಿ ಒಳ್ಳೆಯ ದಾದಿಯೊಬ್ಬಳ ಬೆಲೆ ಏನೆಂದು ಅರಿತವರು. ಅವರ ಹಣ, ನೈಟಿಂಗೇಲ್ ಅವರ ಸಲಹೆ ಸೇರಿ 1865ರಲ್ಲಿ ಆ ನಗರದ ಬ್ರೌನ್‌ಲೋ ಹಿಲ್ ವರ್ಕ್‌ಹೌಸಿಗೆ ಆಗ್ನೆಸ್ ಜೋನ್ಸ್ 12 ದಾದಿಯರೊಂದಿಗೆ ಹೋದರು. ಸೇಂಟ್ ಥಾಮಸ್‌ನಲ್ಲಿ ಕಲಿತವರು. ಅಲ್ಲಿ ಸಾವಿರಕ್ಕೂ ಮಿಕ್ಕಿ ರೋಗಿಗಳು. ಆಶ್ರಯದಲ್ಲೇ ಇದ್ದ ಗಟ್ಟಿಮುಟ್ಟಾದ ಹೆಂಗಸರಿಗೆ ಸಣ್ಣ ಸಂಬಳ ಕೊಟ್ಟು ಕಲಿಸುವ ಪ್ರಯತ್ನವೂ ನಡೆಯಿತು. ಸಂಬಳ ಕೈಗೆ ಬಂದ ದಿನವೇ ಕುಡಿಯಲು ಹೋದವರು ಹಲವರಾದ್ದರಿಂದ ಅದು ಕೈಗೂಡಲಿಲ್ಲ. ಉಳಿದದ್ದು ಕೈಗೂಡಿತು. 1868ರ ಫೆಬ್ರುವರಿಯಲ್ಲಿ ಟೈಫಸ್ ಜ್ವರ ಬಂದು ಆಗ್ನೆಸ್ ಜೋನ್ಸ್ ತೀರಿಕೊಂಡಾಗ ಅವರಿಗೆ 35 ವರ್ಷ. ಅದರ ಹಿಂದಿನ ವರ್ಷ ಲಂಡನ್ನಿನ ಬಡ ರೋಗಿಗಳಿಗೆ ಪ್ರತ್ಯೇಕ ಆಸ್ಪತ್ರೆಗಳನ್ನು ಕಟ್ಟುವ ಕಾನೂನು ಬಂದಿತ್ತು. ನೈಟಿಂಗೇಲ್ ಕೇಳಿದ್ದೆಲ್ಲ ಅದರಲ್ಲಿರಲಿಲ್ಲ.

ಅವರು ಭಾರತಕ್ಕೆ ಎಂದೂ ಬರಲಿಲ್ಲ. ಆದರೂ ಇಲ್ಲಿನ ಆಸ್ಪತ್ರೆಗಳ ಶುಶ್ರೂಷೆ, ಹಳ್ಳಿಗಳ ನೈರ್ಮಲ್ಯ, ನೀರಾವರಿ ಎಂದು ದಶಕಗಳ ಕಾಲ ಬರೆದರು. ನಮ್ಮ ಮೈಸೂರು ಸೀಮೆಯನ್ನೂ ಸುಟ್ಟ 1876–78ರ ಬರಗಾಲದ ನಂತರ ಸರ್ಕಾರದ ಅಲಕ್ಷ್ಯದ ವಿರುದ್ಧ ಅವರ ಲೇಖನ ಬಂತು. ಅದೇ ಒಂದು ಬೇರೆ ಲೇಖನವಾಗುವಷ್ಟಿದೆ.

ಇಪ್ಪತ್ತನೆಯ ಶತಮಾನ ಬರುವ ಹೊತ್ತಿಗೆ ಕಣ್ಣು ಮಂಜಾಗಿ, ಮುಂದೆ ಕುರುಡಾಯಿತು. ನಂತರ ನೆನಪೂ ಜಾರಿತು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ ಮೊದಲ ಬಾರಿಗೆ ಮಹಿಳೆಯೊಬ್ಬರಿಗೆ ಸಂದಿತು. ಮನೆಗೆ ಬಂದು ಅದನ್ನು ಒಪ್ಪಿಸಿದಾಗ ಅದೇನೆಂದು ಅವರಿಗೆ ಅಷ್ಟಾಗಿ ತಿಳಿಯಲಿಲ್ಲ. ದಾದಿಯೊಬ್ಬರನ್ನು ಇಟ್ಟುಕೊಳ್ಳಲು ಅವರನ್ನು ಒಪ್ಪಿಸುವುದೇ ಮನೆಯವರಿಗೆ ಕಷ್ಟವಾಗಿತ್ತು. ರಾತ್ರಿ ದಾದಿ ಅವರನ್ನು ಮಲಗಿಸಿ, ಹೊದಿಕೆಯ ಅಂಚುಗಳನ್ನು ಸರಿಯಾಗಿ ಸಿಕ್ಕಿಸಿ ತನ್ನ ಕೋಣೆಗೆ ಹೋಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅಜ್ಜಿ ಎದ್ದು ಪಕ್ಕದ ಕೋಣೆಗೆ ಬಂದು ದಾದಿಯ ಹೊದಿಕೆಯನ್ನು ಸರಿಪಡಿಸುತ್ತಿದ್ದರಂತೆ.

1910ರ ಆಗಸ್ಟ್ 13ರಂದು ನಿದ್ದೆಯಲ್ಲೇ ಅವರ ಪ್ರಾಣ ಹೋಯಿತು. ರಾಜಮರ್ಯಾದೆಯ ಸಮಾಧಿಯನ್ನು ಮನೆಯವರು ಬೇಡವೆಂದರು. ಈಸ್ಟ್ ವೆಲ್ಲೋ ಎಂಬ ಹಳ್ಳಿಯಲ್ಲಿ ತಂದೆತಾಯಿಯ ಪಕ್ಕದಲ್ಲಿ ಹೂಳಿದರು. ಕಲ್ಲಿನ ಮೇಲೆ ಅವರ ಹೆಸರಿನ ಎರಡು ಮೊದಲಕ್ಷರಗಳು, ಹುಟ್ಟು ಸಾವಿನ ವಿವರ ಮಾತ್ರ ಇವೆ.