ಮೈಕೆಲ್ ಫ್ಯಾರಡೆ ಮತ್ತು ಲೋಹದ ಕೋಣೆ

ಚಾಲನೆಯಲ್ಲಿರುವ ಕಂಪ್ಯೂಟರಿನ ಪಕ್ಕದಲ್ಲಿ ಮೀಡಿಯಂ ವೇವ್ ರೇಡಿಯೋವನ್ನು ಇಟ್ಟರೆ ವಾರ್ತೆಯ ನಡುವೆ ಗರಗರ ಸದ್ದು ಕೇಳಿಬರುವುದುಂಟು. ಕಂಪ್ಯೂಟರಿನೊಳಗೆ ವಿದ್ಯುತ್ತು ಸೆಕೆಂಡಿಗೆ ಕೋಟ್ಯಂತರ ಬಾರಿ ಏರಿಳಿಯುತ್ತದೆ. ಆ ಏರಿಳಿತವು ಅಲೆಗಳಾಗಿ ಹೊರಹೊಮ್ಮಿ ನೆರೆಯ ಉಪಕರಣಗಳನ್ನು ಬಾಧಿಸುತ್ತದೆ. ಈ ಉಪದ್ರವದ ಮೂಲವನ್ನೂ ಅದರ ನಿವಾರಣೆಯನ್ನೂ ಅರಸುತ್ತ ಹೋದರೆ ನಾವು ಒಬ್ಬರೇ ಮಹನೀಯರ ಬಳಿಗೆ ಬರುತ್ತೇವೆ. ಅವರೇ ಮೈಕೆಲ್ ಫ್ಯಾರಡೆ.

1791ರ ಸೆಪ್ಟೆಂಬರ್ 22ರಂದು ಲಂಡನ್ನಿನ ಬಳಿ ಬಡ ಕಮ್ಮಾರನ ಮಗನಾಗಿ ಜನಿಸಿದ ಫ್ಯಾರಡೆಯವರಿಗೆ ದೊರೆತ ಶಾಲಾ ಶಿಕ್ಷಣ ಅತ್ಯಲ್ಪ. ಹದಿನಾಲ್ಕರ ಹರೆಯದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸಕ್ಕೆ ಸೇರಿದ ಅವರು, ಕಟ್ಟಲು ಬಂದ ಗ್ರಂಥಗಳನ್ನೇ ಓದಿ ವಿಜ್ಞಾನದ ರುಚಿ ಕಂಡರು. 1812ರಲ್ಲಿ ಹಂಫ್ರಿ ಡೇವಿಯವರ ಉಪನ್ಯಾಸಗಳನ್ನು ಆಲಿಸಿ, ತಾವು ಬರೆದುಕೊಂಡ ಟಿಪ್ಪಣಿಗಳಿಗೆ ತಾವೇ ರಟ್ಟು ಕಟ್ಟಿ ಅವರಿಗೆ ಕಳುಹಿಸಿದರು. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕರಾಗಿ ನೇಮಕಗೊಂಡರು.

1831ರ ಆಗಸ್ಟ್ 29ರಂದು ಅವರು ಕಬ್ಬಿಣದ ಬಳೆಯೊಂದಕ್ಕೆ ಎರಡು ಪ್ರತ್ಯೇಕ ತಂತಿಗಳನ್ನು ಸುತ್ತಿದರು. ಒಂದರಲ್ಲಿ ವಿದ್ಯುತ್ತು ಹರಿಯತೊಡಗಿದಾಗಲೂ ನಿಂತಾಗಲೂ, ಅದನ್ನು ಮುಟ್ಟದಿದ್ದ ಇನ್ನೊಂದರಲ್ಲಿ ಕ್ಷಣಕಾಲ ಪ್ರವಾಹ ಹುಟ್ಟಿತು. ಜನರೇಟರ್, ಟ್ರಾನ್ಸ್‌ಫಾರ್ಮರುಗಳಿಗೆ ಆಧಾರವಾದ ಈ ತತ್ವವೇ ಒಂದು ತಂತಿಯ ಸದ್ದು ಪಕ್ಕದ ತಂತಿಗೆ ನುಸುಳುವುದಕ್ಕೂ ಕಾರಣ.

1836ರಲ್ಲಿ ಅವರು 12 ಅಡಿ ಉದ್ದ, ಅಗಲ, ಎತ್ತರಗಳ ಕೋಣೆಯೊಂದನ್ನು ಕಟ್ಟಿಸಿದರು. ಅದರ ಮರದ ಚೌಕಟ್ಟಿಗೆ ತಾಮ್ರದ ತಂತಿಯನ್ನೂ ಲೋಹದ ತೆಳು ಹಾಳೆಯನ್ನೂ ಹೊದಿಸಲಾಗಿತ್ತು. ಹೊರಮೈಯಿಂದ ಕಿಡಿಗಳು ಹಾರುವಷ್ಟು ವಿದ್ಯುತ್ತನ್ನು ತುಂಬಿಸಿ, ಉರಿಯುವ ಮೇಣದಬತ್ತಿಯನ್ನೂ ಸೂಕ್ಷ್ಮ ಮಾಪಕಗಳನ್ನೂ ಹಿಡಿದು ತಾವೇ ಒಳಗೆ ಕುಳಿತರು. ಒಳಗಡೆ ಯಾವ ಪರಿಣಾಮವೂ ಕಂಡುಬರಲಿಲ್ಲ.

ರೇಡಿಯೋ ಅಲೆಗಳನ್ನು ಹರ್ಟ್ಸ್ ಪ್ರಯೋಗದಿಂದ ತೋರಿಸಿದ್ದು ಫ್ಯಾರಡೆಯವರು ಗತಿಸಿ ಇಪ್ಪತ್ತು ವರ್ಷಗಳ ತರುವಾಯ. ರಂಧ್ರಗಳು ಅಲೆಯ ಉದ್ದಕ್ಕಿಂತ ತೀರ ಚಿಕ್ಕದಾಗಿದ್ದರೆ ಲೋಹದ ಕವಚವು ಅವುಗಳನ್ನೂ ತಡೆಯುತ್ತದೆ. ಹೊರಗಿನದನ್ನು ಒಳಗೆ ಬಿಡದಂತೆ, ಒಳಗಿನದನ್ನು ಹೊರಗೂ ಬಿಡದು. 1979ರಲ್ಲಿ ಅಮೆರಿಕದ ಸರಕಾರವು ಕಂಪ್ಯೂಟರುಗಳು ಹೊರಸೂಸುವ ಅಲೆಗಳಿಗೆ ಮಿತಿ ವಿಧಿಸಿದಾಗ, ತಯಾರಕರು ಮೊರೆಹೊಕ್ಕ ಉಪಾಯಗಳಲ್ಲಿ ಲೋಹದ ಕವಚವೂ ಒಂದು. ಮುಚ್ಚಳ ಕಳಚಿ ಕಂಪ್ಯೂಟರನ್ನು ನಡೆಸುವವರು ಇದನ್ನು ನೆನಪಿಡುವುದು ಒಳಿತು.

ಫ್ಯಾರಡೆಯವರು ಸರ್ ಪದವಿಯನ್ನು ಒಲ್ಲೆನೆಂದರು. ರಾಯಲ್ ಸೊಸೈಟಿಯ ಅಧ್ಯಕ್ಷತೆಯನ್ನು ಎರಡು ಬಾರಿ ನಿರಾಕರಿಸಿದರು. 1867ರ ಆಗಸ್ಟ್ 25ರಂದು ತೀರಿಕೊಂಡ ಅವರ ಸಮಾಧಿಯು ಲಂಡನ್ನಿನ ಹೈಗೇಟ್ ಸ್ಮಶಾನದಲ್ಲಿದೆ. ತನ್ನ ಕೆಲಸವನ್ನು ಪೂರ್ಣವಾಗಿ ಮಾಡುತ್ತಲೇ ನೆರೆಯವನಿಗೆ ಅಡ್ಡಿಯಾಗದಿರುವುದು ಯಂತ್ರಕ್ಕೆ ಸಾಧ್ಯವೆಂದು ಅವರ ಕೋಣೆ ತೋರಿಸಿಕೊಟ್ಟಿತು. ಮನುಷ್ಯನಿಗೂ ಅದು ಸಾಧ್ಯವೆಂಬುದನ್ನು ನಾವು ಅವರ ಬಾಳಿನಲ್ಲಿ ಕಾಣುತ್ತೇವೆ.