ಬರಿಗಾಲ ಓಟಗಾರರ ಬೆನ್ನಿಗೆ ನಿಂತ ದೋರಾಬ್ಜಿ ಟಾಟಾ

ಟಾಟಾ ಆಸ್ಪತ್ರೆ ಎಂದರೆ ಹಲಕರ್ಣಿ, ಗಡಹಿಂಗ್ಲಜ ಕಡೆಯ ಮಂದಿಗೆ ಹೆಚ್ಚು ವಿವರ ಹೇಳಬೇಕಾಗಿಲ್ಲ. ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದು ಗೊತ್ತಾದರೆ ಮುಂಬೈನ ಪರೇಲ್‌ನಲ್ಲಿರುವ ಆ ಆಸ್ಪತ್ರೆಯ ಹೆಸರೇ ಮೊದಲು ಬಾಯಿಗೆ ಬರುತ್ತದೆ. ಆದರೆ ಯಾರ ಆಸ್ತಿಯಿಂದ ಆ ಆಸ್ಪತ್ರೆ ಎದ್ದು ನಿಂತಿತೋ ಅವರೇ ಭಾರತೀಯರನ್ನು ಮೊದಲ ಸಲ ಒಲಿಂಪಿಕ್ ಮ್ಯಾರಥಾನ್‌ಗೆ ಕಳಿಸಿದವರು. ಹಾಗೆ ಹೋದವರಲ್ಲಿ ಒಬ್ಬರು ನಮ್ಮ ಪಕ್ಕದ ಬೆಳಗಾವಿಯವರು. ಈ ಸಂಗತಿ ಅನೇಕರಿಗೆ ಗೊತ್ತಿಲ್ಲ.

ಸರ್ ದೋರಾಬ್ಜಿ ಟಾಟಾ ಹುಟ್ಟಿದ್ದು 1859ರ ಆಗಸ್ಟ್ 27ರಂದು, ಮುಂಬೈಯಲ್ಲಿ. ಉದ್ಯಮಿ ಜಮಷೇಟ್‌ಜಿ ಟಾಟಾ ಅವರ ಹಿರಿಯ ಮಗ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಓದುವಾಗ ಕ್ರಿಕೆಟ್, ಫುಟ್‌ಬಾಲ್ ಆಡಿದರು. ಟೆನಿಸ್, ದೋಣಿ ಸ್ಪರ್ಧೆ, ಕುದುರೆ ಸವಾರಿ ಎಲ್ಲದರಲ್ಲೂ ಪಳಗಿದರು. ಆಟದ ಹುಚ್ಚು ಕೊನೆಯವರೆಗೂ ಬಿಡಲಿಲ್ಲ.

ಅವರಿಗೆ ಕನ್ನಡ ನಾಡಿನ ನಂಟೂ ಇತ್ತು. ಪತ್ನಿ ಮೆಹೆರ್‌ಬಾಯಿ ಅವರ ತಂದೆ ಎಚ್.ಜೆ. ಭಾಭಾ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ದೊಡ್ಡ ಅಧಿಕಾರಿ. 1904ರಲ್ಲಿ ಜಮಷೇಟ್‌ಜಿ ತೀರಿಕೊಂಡಾಗ ಅವರ ದೊಡ್ಡ ಕನಸುಗಳೆಲ್ಲ ಅರ್ಧಕ್ಕೇ ನಿಂತಿದ್ದವು. ಮಗ ಒಂದೊಂದನ್ನೇ ಪೂರೈಸಿದರು. 1907ರಲ್ಲಿ ಉಕ್ಕಿನ ಕಂಪನಿ ಆರಂಭವಾಯಿತು. 1909ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆ ಹುಟ್ಟಿತು. ಜನ ಇಂದಿಗೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ.

ಇನ್ನು ಓಟದ ಕಥೆ. ದೋರಾಬ್ಜಿ ಪುಣೆಯ ಡೆಕ್ಕನ್ ಜಿಮ್ಖಾನಾದ ಅಧ್ಯಕ್ಷರಾಗಿದ್ದರು. 1919ರಲ್ಲಿ ಅಲ್ಲಿನ ಕ್ರೀಡಾಕೂಟ ನೋಡುತ್ತಿದ್ದಾಗ ದೂರದ ಓಟದ ಸ್ಪರ್ಧಿಗಳು ಅವರ ಕಣ್ಣಿಗೆ ಬಿದ್ದರು. ಬಹುತೇಕ ಎಲ್ಲರೂ ಹಳ್ಳಿಯ ರೈತಾಪಿ ಹುಡುಗರು. ಕಾಲಲ್ಲಿ ಬೂಟಿಲ್ಲ, ಹೇಳಿಕೊಡುವ ಗುರುವಿಲ್ಲ. ಆದರೂ ಅವರು ತೆಗೆದುಕೊಂಡ ಸಮಯ ಯುರೋಪಿನ ಓಟಗಾರರ ಸಮಯಕ್ಕೆ ಬಹಳ ದೂರವಿರಲಿಲ್ಲ. ಇವರನ್ನು ಮುಂದಿನ ವರ್ಷದ ಒಲಿಂಪಿಕ್ಸ್‌ಗೆ ಏಕೆ ಕಳಿಸಬಾರದು ಎಂಬ ವಿಚಾರ ಅವರಿಗೆ ಬಂದದ್ದು ಅಲ್ಲಿಯೇ.

ವಿಚಾರ ಬಂದರಾಯಿತೇ, ಹಣ ಬೇಕಲ್ಲ! ಒಲಿಂಪಿಕ್ಸ್ ನಡೆಯುವುದು ಬೆಲ್ಜಿಯಂ ದೇಶದ ಆ್ಯಂಟ್‌ವರ್ಪ್‌ನಲ್ಲಿ. ಹಡಗಿನ ದಾರಿ, ತಿಂಗಳುಗಟ್ಟಲೆ ಊಟ ವಸತಿ. ಹಳ್ಳಿಯ ಹುಡುಗರ ಕೈಲಿ ಅದು ಆಗುವ ಮಾತಲ್ಲ. ದೋರಾಬ್ಜಿ ತಮ್ಮ ಕೈಯಿಂದ ದೊಡ್ಡ ಪಾಲು ಕೊಟ್ಟರು. ಸರ್ಕಾರದಿಂದ ಸ್ವಲ್ಪ ಬಂತು. ಉಳಿದದ್ದಕ್ಕೆ ಸಾರ್ವಜನಿಕರಿಂದ ಚಂದಾ ಎತ್ತಲಾಯಿತು.

1920ರಲ್ಲಿ ಪುಣೆಯಲ್ಲಿ ಆಯ್ಕೆ ನಡೆಯಿತು. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಮತ್ತು ಸದಾಶಿವ ದಾತಾರ ಮ್ಯಾರಥಾನ್‌ಗೆ ಆಯ್ಕೆಯಾದರು. ಓಟಗಾರರು, ಕುಸ್ತಿಪಟುಗಳು ಸೇರಿದ ಆ ಪುಟ್ಟ ತಂಡ ಮುಂಬೈಯಿಂದ ಹಡಗು ಹತ್ತಿತು. ಮೊದಲು ಲಂಡನ್ನಿನಲ್ಲಿ ಕೆಲವು ವಾರ ತರಬೇತಿ, ಅಲ್ಲಿಂದ ಆ್ಯಂಟ್‌ವರ್ಪ್.

ಆಗಸ್ಟ್ 22ರಂದು ಮ್ಯಾರಥಾನ್. ಆ ವರ್ಷದ ದಾರಿ ಈಗಿನ 42.195 ಕಿ.ಮೀ.ಗಿಂತಲೂ ಉದ್ದ, 42.75 ಕಿ.ಮೀ. ಫಿನ್ಲೆಂಡಿನ ಹಾನ್ನೆಸ್ ಕೋಲೆಮೈನೆನ್ 2 ಗಂಟೆ 32 ನಿಮಿಷದಲ್ಲಿ ಓಡಿ ಗೆದ್ದರು. ದಾತಾರ ಅವರಿಗೆ ಓಟ ಮುಗಿಸಲಾಗಲಿಲ್ಲ. ಚೌಗುಲೆ ಮಾತ್ರ 2 ಗಂಟೆ 50 ನಿಮಿಷದಲ್ಲಿ ಗುರಿ ಮುಟ್ಟಿ 19ನೆಯವರಾದರು. ಪದಕ ಬರಲಿಲ್ಲ, ನಿಜ. ಆದರೆ ಜನರ ಚಂದಾ ಹಣದಲ್ಲಿ ಹೋದ ನಮ್ಮ ನೆರೆಯೂರಿನವ ಜಗತ್ತಿನ ಓಟಗಾರರ ಮಧ್ಯೆ ಕೊನೆಯವರೆಗೂ ಓಡಿದ. ಕೊಟ್ಟ ಹಣ ವ್ಯರ್ಥವಾಯಿತೆಂದು ಯಾರು ಹೇಳಿಯಾರು?

ದೋರಾಬ್ಜಿ ಅಂತೂ ಹಾಗೆಂದುಕೊಳ್ಳಲಿಲ್ಲ. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೂ ತಂಡ ಹೋಗಲು ನೆರವಾದರು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾದರು. ಇದೇ ಕಾಲದಲ್ಲಿ ಅವರ ಮೇಲೆ ದೊಡ್ಡ ಆಪತ್ತೂ ಬಂದಿತ್ತು. 1924ರ ಸುಮಾರಿಗೆ ಉಕ್ಕಿನ ಕಂಪನಿ ಮುಳುಗುವ ಸ್ಥಿತಿಗೆ ಬಂದು ಕೂಲಿ ಕೊಡಲೂ ಹಣವಿರಲಿಲ್ಲ. ಆಗ ತಮ್ಮ ಸ್ವಂತ ಆಸ್ತಿಯನ್ನೂ ಪತ್ನಿಯ ಒಡವೆಗಳನ್ನೂ ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ತಂದರು. ಕೋಹಿನೂರಿಗಿಂತ ದೊಡ್ಡದಾದ ಜ್ಯುಬಿಲಿ ವಜ್ರವೂ ಅದರಲ್ಲಿತ್ತು. ಕಂಪನಿ ಉಳಿಯಿತು.

1931ರಲ್ಲಿ ಮೆಹೆರ್‌ಬಾಯಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ಮಕ್ಕಳಿರಲಿಲ್ಲ. ಆ ನೋವಿನಲ್ಲಿಯೇ ದೋರಾಬ್ಜಿ 1932ರಲ್ಲಿ ತಮ್ಮ ಆಸ್ತಿಯನ್ನೆಲ್ಲ ದಾನಕ್ಕಾಗಿ ಟ್ರಸ್ಟ್‌ಗೆ ಬರೆದುಕೊಟ್ಟರು. ಪತ್ನಿಯ ಹೆಸರಿನಲ್ಲಿ ರಕ್ತದ ಕ್ಯಾನ್ಸರ್ ಸಂಶೋಧನೆಗೆ ಬೇರೆ ನಿಧಿ ಇಟ್ಟರು. ಅದೇ ವರ್ಷ ಜೂನ್ 3ರಂದು ಜರ್ಮನಿಯಲ್ಲಿ ಕೊನೆಯುಸಿರೆಳೆದರು. ಅವರ ಟ್ರಸ್ಟ್ ಕಟ್ಟಿಸಿದ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ಬಾಗಿಲು ತೆರೆಯಿತು.

ಈಗ ಕಾಲ ತಿರುಗಿದೆ. 2004ರಿಂದ ನಡೆಯುತ್ತಿರುವ ಮುಂಬೈ ಮ್ಯಾರಥಾನ್‌ನಲ್ಲಿ ಸಾವಿರಾರು ಜನ ಓಡುತ್ತಾರೆ. ರೋಗಿಗಳಿಗಾಗಿ, ಬಡ ಮಕ್ಕಳ ಓದಿಗಾಗಿ ಗೆಳೆಯರಿಂದ, ಬಂಧುಗಳಿಂದ ಹಣ ಕೂಡಿಸಿ ಮೊದಲ ಸಲ ಓಡುವವರೂ ಅವರಲ್ಲಿದ್ದಾರೆ. ಅಂದು ಓಟಗಾರನಿಗಾಗಿ ಜನ ಚಂದಾ ಕೊಟ್ಟರು, ಇಂದು ಜನರಿಗಾಗಿ ಓಟಗಾರ ಚಂದಾ ಕೇಳುತ್ತಾನೆ. ನಮ್ಮೂರಿನ ಹುಡುಗನೋ ಹುಡುಗಿಯೋ ಹೀಗೆ ಓಡುತ್ತೇನೆಂದು ಬಂದು ಬಾಗಿಲಲ್ಲಿ ನಿಂತರೆ ಬರಿಗೈಲಿ ಕಳಿಸಬೇಡಿ. ಬೆಳಗಾವಿಯ ಫಡೆಪ್ಪ ಚೌಗುಲೆಯನ್ನು ಆ್ಯಂಟ್‌ವರ್ಪ್‌ಗೆ ಮುಟ್ಟಿಸಿದ್ದೂ ಅಂಥದೇ ಕೈಗಳು.