ಸೆರೆಯಿಂದ ಊರಿಗೆ: ಸರ್ ಥಾಮಸ್ ಮನ್ರೋ ಮತ್ತು ದತ್ತಮಂಡಲದ ಪಾಳೆಯಗಾರರು

ರತ್ನಗಿರಿ ಎಂದೊಡನೆ ನಮ್ಮ ಓದುಗರಿಗೆ ಕೊಂಕಣ ತೀರದ ಊರಿನ ನೆನಪಾಗುವುದು ಸಹಜ. ಇಲ್ಲಿ ನಾವು ಹೇಳಹೊರಟಿರುವುದು ಮಡಕಶಿರಾ ಸೀಮೆಯ ರತ್ನಗಿರಿಯನ್ನು ಕುರಿತು. ಕನ್ನಡ ಮಾತನಾಡುವ, ಆದರೆ ಆಂಧ್ರಕ್ಕೆ ಸೇರಿದ ಬೆಟ್ಟಗಳ ನಾಡು ಅದು. ಶಿರಾ ಪಟ್ಟಣದ ಕೋಟೆಗೆ ಅಡಿಗಲ್ಲಿಟ್ಟ ಕಸ್ತೂರಿ ರಂಗಪ್ಪ ನಾಯಕರು ಈ ರತ್ನಗಿರಿಯ ಒಡೆಯರೇ. ಅದಕ್ಕೆ ಉತ್ತರದಲ್ಲಿರುವ ರಾಯದುರ್ಗವು 1953ರ ವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ಆಂಧ್ರ ರಾಜ್ಯ ಹುಟ್ಟಿದಾಗ ಅತ್ತ ಸೇರಿತು. ಮೂರು ವರ್ಷಗಳ ಬಳಿಕ, 1956ರಲ್ಲಿ, ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ದೂರದ ಈ ಎರಡು ಗಡಿನಾಡುಗಳನ್ನೂ ಒಂದಾದ ಮೇಲೊಂದರಂತೆ ಆಳಿದ ಅಧಿಕಾರಿಯೊಬ್ಬರಿದ್ದರು. ಅವರೇ ಸರ್ ಥಾಮಸ್ ಮನ್ರೋ.

ರೈತವಾರಿ ಪದ್ಧತಿಯ ಪ್ರವರ್ತಕರೆಂದು ಮನ್ರೋ ಅವರ ಹೆಸರು ಶಾಲೆಯ ಪುಸ್ತಕಗಳಲ್ಲಿದೆ. ಮಂತ್ರಾಲಯದಲ್ಲಿ ರಾಘವೇಂದ್ರ ಸ್ವಾಮಿಗಳ ದರ್ಶನವಾಯಿತೆಂಬ ಐತಿಹ್ಯದಿಂದಲೂ ಅವರು ಜನರಿಗೆ ಪರಿಚಿತರು. ನಾವು ಇಂದು ನೋಡಬಯಸುವುದು ಬೇರೊಂದು ವಿಷಯವನ್ನು. ಸೋತವರು, ಸೆರೆಯಾದವರು, ದಂಗೆಯೆದ್ದು ಊರು ಬಿಟ್ಟವರು, ಇವರನ್ನು ಮತ್ತೆ ಬಾಳಿಗೆ ಸೇರಿಸುವುದು ಹೇಗೆ ಎಂಬ ಪ್ರಶ್ನೆ ಆ ಮನುಷ್ಯನ ಮುಂದೆ ಬಂದು ನಿಂತಿತ್ತು. ಅದಕ್ಕೆ ಅವರು ಕಂಡ ಉತ್ತರ ಎಷ್ಟರಮಟ್ಟಿಗೆ ಸರಿ, ಎಲ್ಲಿ ತಪ್ಪಿತು ಎಂಬುದು ಇಂದಿಗೂ ವಿಚಾರಾರ್ಹ.

ಮನ್ರೋ ಹುಟ್ಟಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ, 1761ರ ಮೇ 27ರಂದು. ತಂದೆ ಅಮೆರಿಕದ ವರ್ಜೀನಿಯದೊಡನೆ ವ್ಯಾಪಾರ ನಡೆಸುತ್ತಿದ್ದವರು. ಅಲ್ಲಿನ ಸ್ವಾತಂತ್ರ್ಯ ಯುದ್ಧದಿಂದ ದಿವಾಳಿಯಾದರು. ಮಗ ಕಂಪೆನಿಯ ಸೈನ್ಯಕ್ಕೆ ಸೇರಿ 1780ರ ಜನವರಿಯಲ್ಲಿ ಮದರಾಸಿಗೆ ಬಂದಿಳಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಹೈದರಾಲಿಯ ಸೈನ್ಯ ಕರ್ನಲ್ ಬೈಲಿಯ ಪಡೆಯನ್ನು ಪುಡಿಮಾಡಿತು. ಉಳಿದವರನ್ನು ಶ್ರೀರಂಗಪಟ್ಟಣಕ್ಕೆ ಒಯ್ದು ಸಂಕೋಲೆ ಹಾಕಿ ವರ್ಷಗಟ್ಟಲೆ ಸೆರೆಯಲ್ಲಿಡಲಾಯಿತು. ಆಗ ಮನ್ರೋ ಅವರಿಗೆ ಹತ್ತೊಂಬತ್ತು ವರ್ಷ. ಹತ್ತಿರದಲ್ಲೇ ಇದ್ದ ಇನ್ನೊಂದು ಪಡೆಯಲ್ಲಿದ್ದುದರಿಂದ ಅವರು ಆ ಗತಿಯಿಂದ ಪಾರಾದರು.

1792ರಿಂದ ಏಳು ವರ್ಷ ಅವರು ಬಾರಾಮಹಲಿನಲ್ಲಿ ಅಲೆಗ್ಸಾಂಡರ್ ರೀಡರ ಕೈಕೆಳಗೆ ಕಂದಾಯದ ಕೆಲಸ ಕಲಿತರು. 1799ರಲ್ಲಿ ಟೀಪು ಮಡಿದ ಮೇಲೆ ಕನ್ನಡ ಜಿಲ್ಲೆ ಕಂಪೆನಿಯ ಕೈಸೇರಿತು. ಅದಕ್ಕೆ ಮನ್ರೋ ಮೊದಲ ಕಲೆಕ್ಟರಾದರು. ಬೇಕಲ, ಕುಂಬಳೆ, ಮಂಜೇಶ್ವರ ಎಲ್ಲವೂ ಅವರ ಆಡಳಿತಕ್ಕೊಳಪಟ್ಟಿದ್ದವು. ಇಲ್ಲಿನ ಎಡೆಬಿಡದ ಮಳೆ ಅವರಿಗೆ ಹಿಡಿಸಲಿಲ್ಲ. ವರ್ಗ ಮಾಡಿಸಿಕೊಳ್ಳಲು ಅವರು ಮೇಲಿನವರನ್ನು ಪೀಡಿಸುತ್ತಲೇ ಇದ್ದರು.

ಆಗ ನಮ್ಮ ಸೀಮೆಯ ಸ್ಥಿತಿಯೂ ನೆಟ್ಟಗಿರಲಿಲ್ಲ. ಟೀಪುವಿನ ಕಾಲದಲ್ಲಿ ತಲಶ್ಶೇರಿಗೆ ಹೋಗಿ ಕಂಪೆನಿಯ ಆಶ್ರಯ ಪಡೆದಿದ್ದ ಹಳೆಯ ಅರಸು ಮನೆತನದವರು ತಮ್ಮ ನಾಡು ತಮಗೆ ಮರಳುವುದೆಂಬ ಆಸೆಯಿಂದ ಹಿಂತಿರುಗಿದ್ದರು. ಕಂಪೆನಿ ಅವರ ಆಸೆಯನ್ನು ಈಡೇರಿಸಲಿಲ್ಲ. ಕುಂಬಳೆಯ ಅರಸರು ಕೊನೆಗೆ ಶರಣಾಗಿ ವರ್ಷಾಶನಕ್ಕೆ ಒಪ್ಪಿಕೊಂಡರು. ವಿಟ್ಲದ ದೊಂಬ ಹೆಗ್ಗಡೆಯವರು ಒಪ್ಪದೆ ಬಂಡೆದ್ದರು. 1800ರಲ್ಲಿ ಅವರನ್ನು ಹಿಡಿದು ಸಂಗಡಿಗರೊಡನೆ ಗಲ್ಲಿಗೇರಿಸಲಾಯಿತು. ಈ ಕಠಿಣ ಶಿಕ್ಷೆಗೆ ಮನ್ರೋ ಅವರ ಒತ್ತಾಸೆಯೂ ಇತ್ತು. ಮುಂದೆ ಅವರು ದಯಾಳುವೆಂದು ಹೆಸರು ಪಡೆದರೆಂಬ ಕಾರಣಕ್ಕೆ ಈ ಸಂಗತಿಯನ್ನು ಮರೆಮಾಚುವುದು ಸಲ್ಲದು. ವಿಟ್ಲ ಸೀಮೆ ನಮಗೆ ದೂರದ್ದಲ್ಲ.

ದತ್ತಮಂಡಲದಲ್ಲಿ

1800ರ ಅಕ್ಟೋಬರಿನಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ, ಅನಂತಪುರ, ಕಡಪಾ ಸೀಮೆಗಳನ್ನು ಕಂಪೆನಿಗೆ ಬಿಟ್ಟುಕೊಟ್ಟನು. ದತ್ತವಾಗಿ ಬಂದುದರಿಂದ ಅದಕ್ಕೆ ದತ್ತಮಂಡಲವೆಂದು ಹೆಸರಾಯಿತು. ಮನ್ರೋ ಅಲ್ಲಿಗೆ ಪ್ರಧಾನ ಕಲೆಕ್ಟರಾಗಿ ಹೋದರು. ಅನಂತಪುರದಲ್ಲಿ ಅವರ ಠಾಣ್ಯ. ಆದರೆ ಹೆಚ್ಚು ಕಾಲ ಕಳೆದುದು ಡೇರೆಯಲ್ಲಿ, ಊರಿಂದೂರಿಗೆ ತಿರುಗುತ್ತ. ನಾಡಿನಲ್ಲಿ ಸುಮಾರು 80 ಪಾಳೆಯಗಾರರೂ ಅವರ ಕೈಕೆಳಗೆ 30,000ದಷ್ಟು ಆಯುಧಪಾಣಿ ಬಂಟರೂ ಇದ್ದರೆಂದು ಆ ಕಾಲದ ಲೆಕ್ಕ.

ಈ ಪಾಳೆಯಗಾರರಲ್ಲಿ ಹಲವರು ಸೆರೆಯ ಕಹಿಯನ್ನು ಉಂಡವರು. ರಾಯದುರ್ಗದ ಕತೆಯನ್ನೇ ನೋಡೋಣ. ಅಲ್ಲಿನ ವೆಂಕಟಪತಿ ನಾಯಕರನ್ನು ಟೀಪು ಮೋಸದಿಂದ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದನು. ಅವರು ಮರಳಿ ಬರಲಿಲ್ಲ. ಟೀಪು ಮಡಿದೊಡನೆ ಆ ಮನೆತನದ ರಾಜಗೋಪಾಲ ನಾಯಕರು ರಾಯದುರ್ಗಕ್ಕೆ ಬಂದು ನೆಲೆಯೂರಲು ಯತ್ನಿಸಿದರು. ನಿಜಾಮನ ಅಧಿಕಾರಿಗಳು ಅವರನ್ನು ಹಿಡಿದು ಹೈದರಾಬಾದಿಗೆ ಕಳುಹಿಸಿದರು. ನಾಡು ಕಂಪೆನಿಯದಾದ ಬಳಿಕ ಅವರನ್ನು ಗುತ್ತಿಗೆ ತಂದಿರಿಸಲಾಯಿತು.  ಅಲ್ಲಿಯೂ ಅವರಿಗೆ ಬಿಡುಗಡೆ ಇರಲಿಲ್ಲ. ಅರೆ ರಾಜಬಂದಿಯಾಗಿಯೇ ಅವರು ಅಲ್ಲಿ ಕಣ್ಣು ಮುಚ್ಚಿದರು. ಕುಟುಂಬದವರಿಗೆ ಪಿಂಚಣಿ ಸಂದಿತು. ಒಂದೇ ಮನೆತನ, ಮೂರು ಸರಕಾರಗಳು, ಮೂರು ಸೆರೆಗಳು! ದೊರೆ ಬದಲಾದರೂ ಬಂದಿಯ ಪಾಡು ಬದಲಾಗದೆ ಹೋದುದನ್ನು ಓದುಗರು ಗಮನಿಸಬೇಕು.

ಮನ್ರೋ ಪಾಳೆಯಗಾರರ ವಿಷಯದಲ್ಲಿ ನಡೆಸಿದ ನೀತಿ ಸ್ಪಷ್ಟವಾಗಿತ್ತು. ಅವರಿಂದ ಹೆಚ್ಚಿನ ಕಪ್ಪ ಕೇಳಿದರು. ಬಂಟರ ಪಡೆಗಳನ್ನು ಕರಗಿಸಿದರು. ಎದುರು ನಿಂತವರನ್ನು ಸೈನ್ಯದ ಬಲದಿಂದ ಹೊರದೂಡಿದರು. ಮಣಿದವರಿಗೆ ಪಿಂಚಣಿಯನ್ನೋ ಒಂದಿಷ್ಟು ಭೂಮಿಯನ್ನೋ ಕೊಟ್ಟರು. 1802ರಲ್ಲಿ ಒಂದೊಂದು ಪಾಳೆಯಪಟ್ಟಿನ ಚರಿತ್ರೆಯನ್ನೂ ಬರೆದು ಸರಕಾರಕ್ಕೆ ವರದಿ ಕಳುಹಿಸಿದರು. ಲಂಡನ್ನಿನಲ್ಲಿದ್ದ ಕಂಪೆನಿಯ ಡೈರೆಕ್ಟರುಗಳಿಗೂ ಈ ನೀತಿ ತೀರಾ ಕಠಿಣವೆಂದು ಕಂಡು ಅವರು ಅಸಮ್ಮತಿ ಸೂಚಿಸಿದರು. ಮನ್ರೋ ಹಿಂಜರಿಯಲಿಲ್ಲ. ಪಾಳೆಯಗಾರರ ಸುಲಿಗೆಯಿಂದ ನೊಂದ ರೈತನ ಕಡೆಯಿಂದಲೇ ಅವರು ವಿಷಯವನ್ನು ನೋಡಿದರು.

ನಾಯಕರನ್ನು ಕುರಿತು ಕಠಿಣರಾಗಿದ್ದ ಮನ್ರೋ ಅವರ ಬಂಟರ ವಿಷಯದಲ್ಲಿ ಬೇರೆ ದಾರಿ ಹಿಡಿದರು. 30,000 ಜನರನ್ನು ತುಂಬುವಷ್ಟು ಬಂದೀಖಾನೆ ಯಾವ ಸರಕಾರಕ್ಕೂ ಇರಲಾರದು. ಕತ್ತಿ ಹಿಡಿದ ಕೈಗೆ ಬೇರೆ ಕೆಲಸ ಸಿಗದಿದ್ದರೆ ಅದು ಮತ್ತೆ ಕತ್ತಿಯನ್ನೇ ಹಿಡಿಯುತ್ತದೆ. ಕಟ್ಟುಬಡಿಗಳೆನಿಸಿಕೊಂಡ ಬಂಟರಿಗೆ ಊರ ಕಾವಲಿನ ಕೆಲಸವೂ ಅದಕ್ಕಾಗಿ ಇನಾಮು ಭೂಮಿಯೂ ಉಳಿದುವು. ಮಿಕ್ಕವರು ನೇಗಿಲು ಹಿಡಿದರು. ಬೀಜ, ಎತ್ತುಗಳಿಗೆಂದು ರೈತರಿಗೆ ತಕ್ಕಾವಿ ಸಾಲ ಸಿಕ್ಕಿತು. ನಿನ್ನೆ ಊರನ್ನು ದೋಚಿದವನೇ ಇಂದು ಅದೇ ಊರಿನ ಬೆಳೆ ಕಾಯತೊಡಗಿದನು. ಏಳು ವರ್ಷಗಳ ಬಳಿಕ, 1807ರಲ್ಲಿ, ಮನ್ರೋ ಊರಿಗೆ ಹೊರಟಾಗ ದತ್ತಮಂಡಲ ಬಹುಮಟ್ಟಿಗೆ ಶಾಂತವಾಗಿತ್ತು. ಆ ಸೀಮೆಯ ಜನ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಡುವ ರೂಢಿಯೂ ಬಂತು.

ಚಾವಡಿಯ ನ್ಯಾಯ

ಮನ್ರೋ 1814ರಲ್ಲಿ ನ್ಯಾಯಾಂಗ ಸುಧಾರಣೆಯ ಆಯೋಗದ ಮುಖ್ಯಸ್ಥರಾಗಿ ಮತ್ತೆ ಮದರಾಸಿಗೆ ಬಂದರು. ಅಷ್ಟರಲ್ಲಿ ಕಂಪೆನಿ ಜಿಲ್ಲೆಗೊಂದರಂತೆ ನ್ಯಾಯಾಲಯ ತೆರೆದಿತ್ತು. ನ್ಯಾಯಾಧೀಶರಿಗೆ ಜನರ ಭಾಷೆ ತಿಳಿಯದು, ನಡಾವಳಿ ತಿಳಿಯದು. ಫಿರ್ಯಾದಿಯೂ ಸಾಕ್ಷಿಗಳೂ ಬುತ್ತಿ ಕಟ್ಟಿಕೊಂಡು ದಿನಗಟ್ಟಲೆ ನಡೆಯಬೇಕು. ನ್ಯಾಯ ಊರಿಗೆ ಹತ್ತಿರವಿರಬೇಕು, ಊರನ್ನು ಬಲ್ಲವರೇ ಅದನ್ನು ನಡೆಸಬೇಕು ಎಂಬುದು ಮನ್ರೋ ಅವರ ನಿಲುವಾಗಿತ್ತು.

ಇದರ ಫಲವೇ 1816ರ ರೆಗ್ಯುಲೇಶನುಗಳು. ಊರ ಪಟೇಲನು ಗ್ರಾಮ ಮುನಸೀಫನಾಗಿ ಹತ್ತು ರೂಪಾಯಿಯವರೆಗಿನ ವ್ಯಾಜ್ಯ ತೀರಿಸಬಹುದಾಯಿತು. ಉಭಯ ಪಕ್ಷದವರೂ ಒಪ್ಪಿದರೆ ಪಂಚಾಯತದ ಮುಂದೆ ಹೋಗಬಹುದಾಯಿತು. ಸಣ್ಣಪುಟ್ಟ ಹೊಡೆದಾಟಗಳಿಗೆ ದೂರದ ಬಂದೀಖಾನೆಯ ಬದಲು ಊರ ಚಾವಡಿಯಲ್ಲೇ ಹನ್ನೆರಡು ಗಂಟೆ ಮೀರದಂತೆ ಕೂಡಿಹಾಕುವ ಅಧಿಕಾರ ಪಟೇಲನಿಗೆ ಬಂತು. ಮುಂಜಾನೆ ಚಾವಡಿ ಸೇರಿದವನು ಸಂಜೆಗೆ ಮನೆಗೆ ಬರುತ್ತಾನೆ. ಅವನ ದುಡಿಮೆ ನಿಲ್ಲುವುದಿಲ್ಲ, ಹೆಂಡತಿ ಮಕ್ಕಳು ಬೀದಿಪಾಲಾಗುವುದಿಲ್ಲ. ಜಗಳವಾಡಿದ ಇಬ್ಬರೂ ಮರುದಿನ ಅದೇ ಬಾವಿಯ ನೀರು ಸೇದಬೇಕಾದವರು ಎಂಬುದನ್ನು ಚಾವಡಿಯಲ್ಲಿ ಕುಳಿತವರು ಮರೆಯಲಾರರು.

ಇದರಲ್ಲೂ ದೋಷವಿತ್ತು. ಅದೇ ಕಾನೂನು ಕೆಳಜಾತಿಗಳೆಂದು ಎಣಿಸಲಾದವರಿಗೆ ಕೂಡಿಹಾಕುವ ಬದಲು ಕಾಲಿಗೆ ಕೋಳ ತೊಡಿಸಿ ಆರು ಗಂಟೆಯವರೆಗೆ ಕೂರಿಸಲು ಅನುಮತಿ ಕೊಟ್ಟಿತು. ಒಂದೇ ತಪ್ಪಿಗೆ ಒಬ್ಬನಿಗೆ ಚಾವಡಿ, ಇನ್ನೊಬ್ಬನಿಗೆ ಕೋಳ! ಊರ ನ್ಯಾಯವೆಂದರೆ ಊರ ಅನ್ಯಾಯವೂ ಹೌದು. ಪಟೇಲನ ಮಾತಿಗೆ ಎದುರಾಡಲಾಗದವನಿಗೆ ದೂರದ ಕೋರ್ಟೇ ಒಮ್ಮೊಮ್ಮೆ ಆಸರೆಯಾದೀತು. ಪಂಚಾಯತಗಳಿಗೆ ಜನರು ನಿರೀಕ್ಷಿಸಿದಷ್ಟು ಹೋಗಲೂ ಇಲ್ಲ.

ಮನ್ರೋ 1820ರಲ್ಲಿ ಮದರಾಸಿನ ಗವರ್ನರರಾದರು. ಈ ದೇಶದವರನ್ನು ಉನ್ನತ ಹುದ್ದೆಗಳಿಂದ ದೂರವಿಡುವುದು ತಪ್ಪೆಂದು 1824ರಲ್ಲಿ ವಿವರವಾಗಿ ಬರೆದರು. ಅಧಿಕಾರ ಬಿಟ್ಟು ಊರಿಗೆ ಹೊರಡುವ ಮುನ್ನ ತಮ್ಮ ಹಳೆಯ ದತ್ತಮಂಡಲವನ್ನು ಇನ್ನೊಮ್ಮೆ ಕಾಣಲು ಹೊರಟರು. ದಾರಿಯಲ್ಲಿ ಪತ್ತಿಕೊಂಡದಲ್ಲಿ ವಾಂತಿಭೇದಿ ತಗಲಿ 1827ರ ಜುಲೈ 6ರಂದು ತೀರಿಕೊಂಡರು. ಗುತ್ತಿಯಲ್ಲಿ ಅವರನ್ನು ಸಮಾಧಿ ಮಾಡಲಾಯಿತು. ಅಸ್ಥಿಗಳನ್ನು ಮುಂದೆ ಮದರಾಸಿಗೆ ಒಯ್ದರು.

ಮಾಯದ ಗಾಯ

ಅವರು ಸತ್ತು ಇಪ್ಪತ್ತು ವರ್ಷವೂ ಆಗಿರಲಿಲ್ಲ. 1846ರಲ್ಲಿ ಕೋಯಿಲಕುಂಟ್ಲದ ಕಡೆ ಉಯ್ಯಾಲವಾಡ ನರಸಿಂಹ ರೆಡ್ಡಿಯವರು ದಂಗೆಯೆದ್ದರು. ಅವರು ಪಿಂಚಣಿದಾರ ಪಾಳೆಯಗಾರ ಮನೆತನದವರು. ಪಿಂಚಣಿಯ ತಕರಾರೇ ದಂಗೆಗೆ ಕಾರಣಗಳಲ್ಲೊಂದು. ಇನಾಮು ಭೂಮಿ ಕಳೆದುಕೊಂಡ ಕಟ್ಟುಬಡಿಗಳು ಅವರ ಬೆನ್ನಿಗೆ ನಿಂತರು. 1847ರ ಫೆಬ್ರವರಿಯಲ್ಲಿ ನರಸಿಂಹ ರೆಡ್ಡಿಯವರನ್ನು ಗಲ್ಲಿಗೇರಿಸಿ, ತಲೆಯನ್ನು ಕೋಟೆಯ ಮೇಲೆ ವರ್ಷಗಟ್ಟಲೆ ತೂಗಹಾಕಿದರು.

ಮನ್ರೋ ಉಳಿಸಿದ ಭೂಮಿಯನ್ನು ಅವರ ನಂತರದವರು ಕಿತ್ತುಕೊಂಡಾಗ ಹಳೆಯ ಬಂಟ ಮತ್ತೆ ಎದ್ದು ನಿಂತನು. ಅದರಷ್ಟೇ ಮುಖ್ಯವಾದ ಇನ್ನೊಂದು ಮಾತೂ ಇದೆ. ಪಾಳೆಯಗಾರನಿಗೆ ಹಣ ಸಿಕ್ಕಿತೇ ಹೊರತು ಅವನ ಅಹವಾಲನ್ನು ಕುಳಿತು ಕೇಳಿದವರಿಲ್ಲ. ಅವನಿಂದ ನೊಂದ ರೈತನೂ ಕಂಪೆನಿಯಿಂದ ನೊಂದ ಅವನೂ ಎದುರುಬದುರು ಕುಳಿತು ತಮ್ಮ ತಮ್ಮ ನಷ್ಟ ಹೇಳಿಕೊಳ್ಳುವ ಚಾವಡಿ ಎಲ್ಲೂ ಏರ್ಪಡಲಿಲ್ಲ. ಪಿಂಚಣಿ ಹೊಟ್ಟೆ ತುಂಬಿಸಿತು, ಗಾಯ ಮಾತ್ರ ಮಾಯಲಿಲ್ಲ.

ಈಗ ಅನಂತಪುರದ ಬಳಿ ರೆಡ್ಡಿಪಲ್ಲಿಯಲ್ಲಿ ಕೈದಿಗಳ ಕೃಷಿ ಕಾಲನಿಯಿದೆ. ನಮ್ಮ ಜಿಲ್ಲೆಯ ಚೀಮೇನಿಯಲ್ಲೂ ತೆರೆದ ಬಂದೀಖಾನೆಯಿದೆ. ಶಿಕ್ಷೆಯ ಕೊನೆಯ ವರ್ಷಗಳನ್ನು ಬಯಲಿನಲ್ಲಿ ದುಡಿದು ಕಳೆಯುವ ವ್ಯವಸ್ಥೆ ಅದು. ಕೈಗೆ ಕೆಲಸ ಕೊಡುವುದು ಸರಕಾರದಿಂದ ಆಗುವಂಥದು. ಮುಂದಿನದು ಊರಿನ ಪಾಲಿಗೆ ಬಿಟ್ಟದ್ದು. ಸೆರೆಯಿಂದ ಬಂದವನ ಮಗಳಿಗೆ ಸಂಬಂಧ ಕೇಳಿ ಬರುವವರಿಲ್ಲದಿದ್ದರೆ, ಅವನ ಅಂಗಡಿಗೆ ಯಾರೂ ಕಾಲಿಡದಿದ್ದರೆ ಅವನ ಶಿಕ್ಷೆ ಮುಗಿದಂತಾಗುವುದಿಲ್ಲ. ಅವನಿಂದ ಹಾನಿಗೊಳಗಾದ ಮನೆಯವರನ್ನು ಮೊದಲು ಹೋಗಿ ಮಾತನಾಡಿಸಿ, ಅವರಿಗೆ ಏನು ಸಲ್ಲಬೇಕೆಂದು ಕೇಳಿ, ಅದನ್ನು ಅವನಿಂದ ಸಲ್ಲಿಸಿ, ಆಮೇಲೆ ಅವನನ್ನು ಪಂಕ್ತಿಗೆ ಕರೆಯುವ ಹಿರಿಯರು ಊರಲ್ಲಿರಬೇಕು. ಕಚೇರಿಯಲ್ಲಿ ಪರಭಾಷೆಯ ಕಾಗದ ಹಿಡಿದು ಕಂಗಾಲಾಗಿ ನಿಂತ ಅನುಭವ ಗಡಿನಾಡಿನ ಕನ್ನಡಿಗರಾದ ನಮಗೆ ಹೊಸದಲ್ಲ. ತಮ್ಮ ಮಾತನ್ನು ಕೇಳಿಸಿಕೊಳ್ಳುವವರಿಲ್ಲದ ಸಂಕಟ ಎಂಥದೆಂದು ನಾವು ಬಲ್ಲೆವು. ಅಂಥವನೊಬ್ಬ ನಮ್ಮ ಊರಿಗೆ ಮರಳಿ ಬಂದಾಗ ಅವನ ಮಾತನ್ನೂ, ಅವನಿಂದ ನೊಂದವರ ಮಾತನ್ನೂ ಕೇಳುವ ಮೊದಲಿಗರು ನಾವಾಗಬಾರದೇಕೆ?